ಪರರು ಕಟ್ಟಿದ ಲೋಕ

2022ನೆಯ ಇಸವಿಯ ನವೆಂಬರಿನಿಂದ ಮುಂದಿನ ಏಪ್ರಿಲಿನ ವರೆಗೆ ನಾನು ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಮಗನ ಮನೆಯಲ್ಲಿದ್ದೆನು. ಆ ವರ್ಷ ಅಲ್ಲಿ ಹಿಮವು ವಿಪರೀತವಾಗಿ ಬಿದ್ದಿತು. ಪ್ರಾತಃಕಾಲದ ತಿರುಗಾಟವಾಗಲಿ, ಅಂಗಡಿಯ ಮುಂದೆ ನಿಂತು ಆಡುವ ನಾಲ್ಕು ಮಾತಾಗಲಿ ಇಲ್ಲದೆ, ಕಿಟಕಿಯೇ ಗತಿಯೆಂದು ಕುಳಿತಿದ್ದ ಒಂದು ಶನಿವಾರ ಮಧ್ಯಾಹ್ನ, ನೆಲಮಾಳಿಗೆಯಿಂದ ದಾಳಗಳುರುಳುವ ಸದ್ದೂ ಅದರ ಬೆನ್ನಿಗೇ ಹುಡುಗರ ಕೋಲಾಹಲವೂ ಕೇಳಿಬಂದುವು. ದಾಳದ ಸದ್ದೆಂದರೆ ಧರ್ಮರಾಯನ ಕಾಲದಿಂದಲೂ ನಮ್ಮವರಿಗೆ ಭಯವಷ್ಟೆ. ಮೊಮ್ಮಗನು ಜೂಜಿಗೆ ಬಿದ್ದನೋ ಏನೋ ಎಂದು ಮೆಟ್ಟಲಿಳಿದು ಹೋಗಿ ನೋಡಿದೆನು.

ಹಣವಿರಲಿಲ್ಲ. ಮೇಜಿನ ಮೇಲೆ ಪೆನ್ಸಿಲುಗಳು, ಅಂಕೆ ತುಂಬಿದ ಕಾಗದಗಳು, ಒಂದು ನಕ್ಷೆ, ಮತ್ತು ನಾನೆಂದೂ ಕಾಣದ ಬಗೆಯ ದಾಳಗಳು ಇದ್ದುವು: ನಾಲ್ಕು ಮುಖದ್ದು, ಎಂಟು ಮುಖದ್ದು, ಹನ್ನೆರಡು ಮುಖದ್ದು, ಎಲ್ಲಕ್ಕೂ ಮಿಗಿಲಾಗಿ ಇಪ್ಪತ್ತು ಮುಖದ್ದು. ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ವಾಚಕರ ಮನೆಗಳಲ್ಲಿಯೂ ಇಷ್ಟರಲ್ಲಿಯೇ ಈ ಹೆಸರು ಕಿವಿಗೆ ಬಿದ್ದಿರಬಹುದು. ಬಿದ್ದಿಲ್ಲದವರಿಗಾಗಿ ಎರಡು ಮಾತು ಹೇಳುವೆನು. ಆಡುವವರಲ್ಲಿ ಒಬ್ಬನು ಸೂತ್ರಧಾರನು. ಉಳಿದವರು ಒಂದೊಂದು ಪಾತ್ರವನ್ನು ವಹಿಸುವರು. ಸೂತ್ರಧಾರನು, "ಸಂಜೆಯಾಗಿದೆ, ಕಾಡಿನಂಚಿನ ಛತ್ರಕ್ಕೆ ಬಂದಿದ್ದೀರಿ, ಬಾಗಿಲು ತೆರೆದಿದೆ, ಒಳಗೆ ದೀಪವಿಲ್ಲ" ಎಂದು ಸನ್ನಿವೇಶವನ್ನು ಹೇಳುವನು. ತಾನೇನು ಮಾಡುವೆನೆಂಬುದನ್ನು ಪ್ರತಿಯೊಬ್ಬನೂ ತನ್ನ ಪಾತ್ರದ ಬಾಯಿಂದ ಹೇಳಬೇಕು. ಆದೀತೋ ಆಗದೋ ಎಂಬ ಸಂಶಯವಿದ್ದಲ್ಲಿ ದಾಳವು ತೀರ್ಪು ಕೊಡುವುದು. ಗೆದ್ದವರು ಸೋತವರು ಎಂಬುದಿಲ್ಲ. ಕಥೆಯೊಂದು ವಾರ ವಾರವೂ ಮುಂದುವರಿದು ವರ್ಷಗಟ್ಟಲೆ ನಡೆಯುವುದೂ ಉಂಟು. ಅಂತಹ ದೀರ್ಘಕಥೆಯನ್ನು ಅವರು ಕ್ಯಾಂಪೇನ್ ಎನ್ನುವರು.

ಆ ಆಟವು ಹುಟ್ಟಿದ್ದೂ ಆ ಸೀಮೆಯಲ್ಲಿಯೇ. ಮಿನಿಯಾಪೊಲಿಸಿಗೂ ಸೇಂಟ್ ಪಾಲ್ ನಗರಕ್ಕೂ ಸೇರಿದ ಬಳಗವೊಂದರಲ್ಲಿ ಡೇವ್ ಆರ್ನೆಸನ್ ಎಂಬಾತನು 1971ರ ಸುಮಾರಿಗೆ ಬ್ಲ್ಯಾಕ್‌ಮೂರ್ ಎಂಬ ಕಲ್ಪಿತ ಸೀಮೆಯಲ್ಲಿ ಇಂತಹ ಆಟವನ್ನು ಆಡಿಸುತ್ತಿದ್ದನು. ನೆರೆಯ ವಿಸ್ಕಾನ್ಸಿನ್ ಪ್ರಾಂತದ ಲೇಕ್ ಜಿನೀವಾ ಎಂಬ ಊರಿನ ಗ್ಯಾರಿ ಗೈಗ್ಯಾಕ್ಸನು ಅವನೊಡಗೂಡಿ, 1974ರಲ್ಲಿ ಅದನ್ನು ಮೂರು ಕಿರುಹೊತ್ತಗೆಗಳನ್ನಾಗಿ ಅಚ್ಚುಹಾಕಿಸಿದನು. ಮೊದಲ ಮುದ್ರಣ 1000 ಪ್ರತಿ. ಆ ಹೊತ್ತಗೆಗಳಲ್ಲಿ ನಿಯಮಗಳಿದ್ದುವೇ ಹೊರತು ಲೋಕವಿರಲಿಲ್ಲ. ಪ್ರತಿಯೊಬ್ಬ ಸೂತ್ರಧಾರನೂ ತನ್ನ ಲೋಕವನ್ನು ತಾನೇ ಸೃಷ್ಟಿಸಿಕೊಳ್ಳಲಿ ಎಂಬುದು ಅವರ ಭಾವನೆ. ಎಲ್ಲರೂ ವಿಶ್ವಾಮಿತ್ರರಲ್ಲವಷ್ಟೆ. ಸಿದ್ಧವಾದ ಲೋಕಗಳನ್ನು, ಅವುಗಳ ದೇಶಕೋಶ, ರಾಜವಂಶ, ದೇವತೆ, ನಕ್ಷೆ ಸಮೇತವಾಗಿ ಅಚ್ಚುಮಾಡಿ ಮಾರುವ ಪದ್ಧತಿಯು ಬಹು ಬೇಗನೆ ಬಂದಿತು. ನಾನು ಬರೆಯಹೊರಟಿರುವುದು ಈ ಕ್ರಯದ ಲೋಕಗಳ ವಿಚಾರವನ್ನೇ.

ಹುಡುಗರು ಐವರು, ಮೊಮ್ಮಗನೂ ಅವನ ಗೆಳೆಯರು ನಾಲ್ವರೂ, ಎಲ್ಲರೂ ಹದಿನೈದರ ಆಸುಪಾಸಿನವರು. ಅವರಲ್ಲೊಬ್ಬನ ಅಣ್ಣನು ಸೂತ್ರಧಾರನಾಗಿದ್ದನು. ಜನವರಿಯಲ್ಲಿ ಆತನು ದೂರದ ಊರಿನ ಕಾಲೇಜಿಗೆ ಹೊರಟುಹೋಗಲು ಮಂಡಲಿಯು ಅನಾಥವಾಯಿತು. ಹೋಗುವಾಗ ತನ್ನ ಪುಸ್ತಕಗಳ ಪೆಟ್ಟಿಗೆಯನ್ನು ತಮ್ಮನ ವಶಕ್ಕೆ ಕೊಟ್ಟಿದ್ದನು. ರಾತ್ರಿಯ ಹೊತ್ತು ನಾನು ಹೇಳುತ್ತಿದ್ದ ಭಾರತದ ಕಥೆಗೆ ಮರುಳಾಗಿದ್ದ ಮೊಮ್ಮಗನು, "ತಾತ, ನೀನೇ ನಮ್ಮ ಸೂತ್ರಧಾರನಾಗು" ಎಂದನು. ನನ್ನ ಇಂಗ್ಲಿಷು ಪಾಠಶಾಲೆಯನ್ನು ಬಿಟ್ಟ ಮೇಲೆ ಕಲಿತದ್ದು. ಓದಲು ಸಾಕು, ಆಡಲು ತೊಡರು. ತೊಡರಿದಲ್ಲಿ ತಾನು ದುಭಾಷಿಯಾಗುವೆನೆಂದು ಅವನು ಮಾತುಕೊಟ್ಟನು. ನಿವೃತ್ತನಾದ ಉಪಾಧ್ಯಾಯನನ್ನು ಯಾರಾದರೂ ಮೇಜಿನ ತುದಿಯಲ್ಲಿ ಕುಳ್ಳಿರಿಸಿ ಮಾತನಾಡೆಂದರೆ ಅವನು ಒಲ್ಲೆನೆನ್ನುವುದು ಕಷ್ಟ. ಒಪ್ಪಿದೆನು.

ಒಂದು ವಾರ ಆ ಪೆಟ್ಟಿಗೆಯ ಪುಸ್ತಕಗಳನ್ನು ಓದಿದೆನು. ಮೊದಲು ಕೈಗೆ ಬಂದದ್ದು ಗೈಗ್ಯಾಕ್ಸನ ಗ್ರೇಹಾಕ್. 1980ರಲ್ಲಿ ಬಂದ ತೆಳ್ಳನೆಯ ಪುಸ್ತಕ. ಜೊತೆಗೆ ಎರಡು ದೊಡ್ಡ ನಕ್ಷೆಗಳು. ನಕ್ಷೆಯ ಮೇಲೆ ಜೇನುಹಟ್ಟಿಯಂತೆ ಷಟ್ಕೋನಗಳು, ಒಂದೊಂದಕ್ಕೂ 30 ಮೈಲಿಯ ಅಳತೆ. ಒಂದು ರಾಜ್ಯದ ವಿಷಯಕ್ಕೆ ಕೆಲವೇ ವಾಕ್ಯಗಳು: ದೊರೆ ಯಾರು, ಸೇನೆಯೆಷ್ಟು, ನೆಲದಲ್ಲಿ ಏನು ದೊರೆಯುವುದು. ಹಳೆಯ ಗೆಜೆಟಿಯರುಗಳ ಸೊಗಸು ಅದರಲ್ಲಿ ಉಂಟು. ಆದರೆ ಅಷ್ಟು ಮಿತವಾದ ಸೂತ್ರಕ್ಕೆ ಭಾಷ್ಯವನ್ನು ಬರೆಯಬಲ್ಲವನು ಆ ಸಂಪ್ರದಾಯದಲ್ಲಿ ಹುಟ್ಟಿ ಬೆಳೆದವನಾಗಿರಬೇಕು. ಯುರೋಪಿನ ಮಧ್ಯಯುಗದ ಹಳ್ಳಿಯಲ್ಲಿ ಬೆಳಗಿನ ಆಹಾರ ಏನೆಂಬುದೂ ನನಗೆ ತಿಳಿಯದು.

ಫರ್ಗಾಟನ್ ರೆಲ್ಮ್ಸ್ ಎಂಬುದು ಇದಕ್ಕೆ ವಿರುದ್ಧವಾದದ್ದು. ಎಡ್ ಗ್ರೀನ್‌ವುಡ್ ಎಂಬ ಕೆನಡಾ ದೇಶದವನು, ಗ್ರಂಥಾಲಯದಲ್ಲಿ ಕೆಲಸಮಾಡುತ್ತಿದ್ದವನು, ಈ ಆಟವಿನ್ನೂ ಹುಟ್ಟದಿದ್ದಾಗ ತನ್ನ ಬಾಲ್ಯದಲ್ಲಿಯೇ ಆ ಲೋಕವನ್ನು ಕಲ್ಪಿಸತೊಡಗಿದ್ದನು. 1987ರಲ್ಲಿ ಅದು ಪೆಟ್ಟಿಗೆಯಾಗಿ ಮಾರಾಟಕ್ಕೆ ಬಂದಿತು. ತರುವಾಯ ಅದರ ಮೇಲೆ ಬಂದ ಕಾದಂಬರಿಗಳೇ ನೂರಾರು. ಇಂತಹ ಲೋಕದಲ್ಲಿ ಯಾವ ಬೀದಿಯ ಯಾವ ಅಂಗಡಿಯಲ್ಲಿ ಯಾರಿದ್ದಾರೆಂಬುದೂ ಎಲ್ಲಿಯೋ ಅಚ್ಚಾಗಿರುವುದು. ಅನುಕೂಲವೇ ಅಹುದು, ಆದರೆ ನಮ್ಮ ಐವರಲ್ಲೊಬ್ಬನು ಆ ಕಾದಂಬರಿಗಳನ್ನು ಹಲವು ಓದಿದ್ದನು. ಪಾಠಶಾಲೆಯಲ್ಲಿ ನಮ್ಮೊಡನೆ ಇಂತಹ ಸಹಪಾಠಿಯೊಬ್ಬನಿದ್ದನು. ಗುರುಗಳು ಮೂಲವನ್ನು ಹೇಳುವ ಮುನ್ನವೇ ಟೀಕೆಯನ್ನು ಒಪ್ಪಿಸಿಬಿಡುತ್ತಿದ್ದನು. ಅವನಿದ್ದ ತರಗತಿಯಲ್ಲಿ ಉಳಿದವರಾರೂ ಬಾಯಿ ತೆರೆಯುತ್ತಿರಲಿಲ್ಲ. ಅದನ್ನೂ ಪಕ್ಕಕ್ಕಿಟ್ಟೆನು.

ಮಾರ್ಗರೆಟ್ ವೈಸ್, ಟ್ರೇಸಿ ಹಿಕ್‌ಮನ್ ಇವರ ಡ್ರ್ಯಾಗನ್‌ಲ್ಯಾನ್ಸ್ 1984ರಲ್ಲಿ ಆಟದ ಪುಸ್ತಕವಾಗಿಯೂ ಕಾದಂಬರಿಯಾಗಿಯೂ ಒಟ್ಟಿಗೇ ಹೊರಟಿತು. ಅಲ್ಲಿ ಲೋಕದೊಡನೆ ಕಥೆಯೂ ಸಿದ್ಧ, ಕಥಾನಾಯಕರೂ ಸಿದ್ಧ. ಮುಂದಿನ ಅಧ್ಯಾಯಕ್ಕೆ ಬೇಕಾದ ಪಾತ್ರವು ನಡುವೆ ಸತ್ತರೆ, ಆ ಸಾವು ನಿಸ್ಸಂಶಯವಾಗದಂತೆ, ಹೊಳೆಗೆ ಬಿದ್ದು ಕಣ್ಮರೆಯಾದನೆಂಬಂತೆ ನಡೆಯಿಸಬೇಕೆಂಬ ಒಂದು ಉಪಾಯವನ್ನೂ ಪುಸ್ತಕವೇ ಹೇಳಿಕೊಡುತ್ತದೆ. ಓದಿ ನಕ್ಕೆನು. ನಮ್ಮ ತಾಳಮದ್ದಳೆಯಲ್ಲಿಯೂ ಕಥೆಯ ಕೊನೆಯು ಎಲ್ಲರಿಗೂ ಗೊತ್ತು. ಕೃಷ್ಣಸಂಧಾನದಲ್ಲಿ ಸಂಧಿಯಾಗುವುದಿಲ್ಲ, ಆದರೂ ಕೌರವನು ಈ ರಾತ್ರಿ ಏನೆಂದು ವಾದಿಸುವನೋ ಎಂದು ಊರಿಗೆ ಊರೇ ಬೆಳಗಿನ ತನಕ ಕುಳಿತಿರುವುದು. ಆ ರುಚಿಯು ಪಳಗಿದವರದು. ಹದಿನೈದರ ಹುಡುಗನಿಗೆ ಮಾತಿನ ಸೊಗಸಿಗಿಂತ, ತಾನು ಮಾಡಿದ್ದರಿಂದ ಏನಾದರೂ ಬದಲಾಯಿತೆಂಬುದೇ ಮುಖ್ಯ. 1991ರ ಡಾರ್ಕ್ ಸನ್ ಎಂಬ ಮರುಭೂಮಿಯ ಲೋಕವನ್ನು ಹುಡುಗರು ಬಯಸಿದರು. ಲೋಹವೇ ಅಪರೂಪವಾದ, ಮಂತ್ರವಾದಿಯು ಮಂತ್ರ ಹಾಕಿದರೆ ಸುತ್ತಣ ಹಸುರು ಬೂದಿಯಾಗುವ ಲೋಕವದು. ಕಲ್ಪನೆಯೇನೋ ಘನವಾದದ್ದೇ, ಆದರೆ ದಾಸರ ಸಂತೆಯನ್ನು ವಾರ ವಾರವೂ ವರ್ಣಿಸುವ ಗಟ್ಟಿ ಎದೆ ನನಗಿರಲಿಲ್ಲ.

ನನ್ನ ಮನಸ್ಸು ನಿಜವಾಗಿ ನಟ್ಟದ್ದು ಟೆಕುಮೆಲ್ ಎಂಬುದರಲ್ಲಿ. ಅದನ್ನು ಕಟ್ಟಿದವನು ಅದೇ ಊರಿನ ಮಿನಸೋಟ ವಿಶ್ವವಿದ್ಯಾನಿಲಯದಲ್ಲಿ ಉರ್ದುವನ್ನು ಕಲಿಸುತ್ತಿದ್ದ ಭಾಷಾಶಾಸ್ತ್ರಜ್ಞ ಎಂ. ಎ. ಆರ್. ಬಾರ್ಕರ್. 1975ರಲ್ಲಿ ಅದು ಆಟವಾಗಿ ಪ್ರಕಟವಾಯಿತು. ಆ ಲೋಕದ ಜನರ ಭಾಷೆಗೆ ವ್ಯಾಕರಣವನ್ನೂ ಲಿಪಿಯನ್ನೂ ಆತನು ರಚಿಸಿದ್ದನು. ವ್ಯಾಕರಣವೆಂದ ಮೇಲೆ ಪಾಠಶಾಲೆಯವನ ಬಾಯಿಯಲ್ಲಿ ನೀರೂರದಿರುವುದುಂಟೆ? ಎರಡು ರಾತ್ರಿ ಓದಿದೆನು. ಹುಡುಗರು ಆ ಹೆಸರುಗಳನ್ನು ಉಚ್ಚರಿಸಲಾರದೆ ಕೈಚೆಲ್ಲಿದರು. ಅದಕ್ಕಿಂತ ಮಿಗಿಲಾದ ತೊಡಕೊಂದನ್ನು ಮಗನು ತಿಳಿಸಿದನು. 2012ರಲ್ಲಿ ತೀರಿಕೊಂಡ ಆ ಪ್ರಾಧ್ಯಾಪಕನು 1991ರಲ್ಲಿ ಬೇರೊಂದು ಹೆಸರಿನಿಂದ ನಾತ್ಸಿ ಮತವನ್ನು ಎತ್ತಿಹಿಡಿಯುವ ಕಾದಂಬರಿಯೊಂದನ್ನು ಬರೆದಿದ್ದನೆಂಬುದನ್ನು, ಆತನ ಕೃತಿಗಳನ್ನು ಕಾಯುವ ಸಂಸ್ಥೆಯೇ 2022ರಲ್ಲಿ ಒಪ್ಪಿಕೊಂಡಿತ್ತು. ಕೃತಿ ಬೇರೆ, ಕರ್ತೃ ಬೇರೆ ಎಂದು ವಾದಿಸಬಹುದು. ನಾನೇ ಹಲವು ಬಾರಿ ಹಾಗೆ ವಾದಿಸಿದ್ದೇನೆ. ಆದರೆ ಆ ಮೇಜಿನ ಸುತ್ತ ಕೂರುವ ಐವರಲ್ಲಿ ನಾಲ್ವರು ಬಿಳಿಯರಲ್ಲ. ಪುಸ್ತಕವನ್ನು ಮುಚ್ಚಿದೆನು.

ಕೊನೆಗೆ ಆರಿಸಿದ್ದು ಎಬೆರಾನ್. 2002ರಲ್ಲಿ ಈ ಆಟದ ಪ್ರಕಾಶಕರು ಹೊಸ ಲೋಕವೊಂದು ಬೇಕೆಂದು ಸಾರ್ವಜನಿಕರಿಂದ ಬರಹಗಳನ್ನು ಆಹ್ವಾನಿಸಿದರು. ಸುಮಾರು 11,000 ಬಂದುವಂತೆ. ಅವುಗಳಲ್ಲಿ ಕೀತ್ ಬೇಕರ್ ಎಂಬವನದು ಗೆದ್ದು, 2004ರಲ್ಲಿ ಪ್ರಕಟವಾಯಿತು. ನಮ್ಮಲ್ಲಿದ್ದುದು 2019ರ ಆವೃತ್ತಿ, 320 ಪುಟಗಳು. ಅದರ ಕಥೆ ನನಗೆ ಹಿಡಿಸಿದುದಕ್ಕೆ ಕಾರಣ ಹೇಳಬೇಕಾಗಿಲ್ಲ. ರಾಜನೊಬ್ಬನು ಸಾಯುವನು, ಐವರು ಮಕ್ಕಳು ಐದು ಸೀಮೆಗಳನ್ನು ಆಳುತ್ತಿರುವರು, ಜ್ಯೇಷ್ಠಳಿಗೆ ಸಲ್ಲಬೇಕಾದ ಪಟ್ಟವನ್ನು ಕಿರಿಯರು ಒಪ್ಪರು, ನೂರು ವರ್ಷದ ಯುದ್ಧ. ಆ ಯುದ್ಧದ ಕೊನೆಗಾಲದಲ್ಲಿ ಒಂದು ದಿನ, ಜ್ಯೇಷ್ಠಳ ವಂಶದ ಸೈರ್ ಎಂಬ ದೇಶವು ಇಡಿಯಾಗಿ ನಾಶವಾಗುವುದು. ಅದರ ಸುತ್ತ ಬೂದುಬಣ್ಣದ ಮಂಜಿನ ಗೋಡೆಯೊಂದು ಎದ್ದುನಿಲ್ಲುವುದು. ಒಳಗೆ ಗಾಯವು ತಾನಾಗಿ ಮಾಯದು, ಹೆಣವು ಕೊಳೆಯದು. ಬದುಕಿದವರು ನೆರೆಯ ಸೀಮೆಗಳಲ್ಲಿ ನಿರಾಶ್ರಿತರಾಗಿ ಉಳಿಯುವರು. ಆಟವು ಆರಂಭವಾಗುವುದು ಸಂಧಿಯಾದ ಎರಡು ವರ್ಷಕ್ಕೆ. ಹೀಗೇಕಾಯಿತೆಂಬ ಪ್ರಶ್ನೆಗೆ ಉತ್ತರವನ್ನು ಪುಸ್ತಕವು ಎಲ್ಲಿಯೂ ಕೊಡುವುದಿಲ್ಲ. ಬುದ್ಧಿಪೂರ್ವಕವಾಗಿಯೇ ಅದನ್ನು ಆಯಾ ಸೂತ್ರಧಾರನ ಪಾಲಿಗೆ ಬಿಟ್ಟಿದ್ದಾರೆ.

ಇಷ್ಟನ್ನು ತಿಳಿದಿದ್ದೂ ನಾನು ಮಾಡಿದುದೇನು? ಮೂವತ್ತಾರು ವರ್ಷಗಳ ಅಭ್ಯಾಸವು ಬಿಡುವುದೆಂತು? ಪುಸ್ತಕವನ್ನು ಪೆನ್ಸಿಲು ಹಿಡಿದು ಓದಿ, ವಂಶಾವಳಿ, ಕಾಲಾನುಕ್ರಮ, ನಗರಗಳ ಪಟ್ಟಿ ಎಂದು ಮೂರು ನೋಟುಪುಸ್ತಕಗಳನ್ನು ತುಂಬಿಸಿದೆನು. ಮೊದಲ ಶನಿವಾರ ಮುಕ್ಕಾಲು ಗಂಟೆ ಐದು ಸೀಮೆಗಳ ಚರಿತ್ರೆಯನ್ನು ಉಪನ್ಯಾಸ ಮಾಡಿದೆನು. ಒಬ್ಬನು ಹುರಿದ ಆಲೂಗಡ್ಡೆಯ ಪೊಟ್ಟಣವನ್ನು ಮುಗಿಸಿದನು, ಒಬ್ಬನು ತೂಕಡಿಸಿದನು. ಮೊಮ್ಮಗನು ವಿನಯದಿಂದಲೇ, "ತಾತ, ಪರೀಕ್ಷೆ ಯಾವಾಗ?" ಎಂದು ಕನ್ನಡದಲ್ಲಿ ಕೇಳಿದನು.

ಮುಂದಿನ ವಾರ ಬುದ್ಧಿ ಬಂದಿತು. ಚರಿತ್ರೆಯನ್ನೆಲ್ಲ ಬಿಟ್ಟು ಒಂದು ರೈಲಿನಲ್ಲಿ ಆರಂಭಿಸಿದೆನು. ಎಬೆರಾನಿನಲ್ಲಿ ಸಿಡಿಲಿನ ಶಕ್ತಿಯಿಂದ ಓಡುವ ರೈಲುಗಳಿವೆ. ಸಿಡಿಲಿನ ರೈಲನ್ನು ನಾನೇನು ಬಲ್ಲೆನು? ತಾಳಗುಪ್ಪದ ಗಾಡಿಯನ್ನು ಬಲ್ಲೆನು. ಜಾಗ ಹಿಡಿಯಲು ಕಿಟಕಿಯಿಂದ ಒಗೆದ ಟವಲು, ಟಿಕೇಟಿಲ್ಲದೆ ಬಾಗಿಲಲ್ಲಿ ನಿಂತವನು, ಎರಡು ಊರಿನ ಜಗಳವನ್ನು ಗಾಡಿಯೊಳಕ್ಕೆ ತಂದ ಇಬ್ಬರು ಮುದುಕರು, ಇವರನ್ನೆಲ್ಲ ಆ ಲೋಕದ ಹೆಸರು ಕೊಟ್ಟು ಕೂರಿಸಿದೆನು. ಮುದುಕರಲ್ಲೊಬ್ಬನು ಯುದ್ಧದಲ್ಲಿ ಈ ಪಕ್ಷ, ಇನ್ನೊಬ್ಬನು ಆ ಪಕ್ಷ. ಮುಕ್ಕಾಲು ಗಂಟೆಯಲ್ಲಿ ನಾನು ತುರುಕಲಾರದ ಚರಿತ್ರೆಯು ಆ ಜಗಳದಿಂದ ಹತ್ತು ನಿಮಿಷದಲ್ಲಿ ಹುಡುಗರೊಳಗೆ ಇಳಿಯಿತು. ಲೋಕವನ್ನು ಕೊಂಡವನು ಅದನ್ನೆಲ್ಲ ಮೇಜಿನ ಮೇಲೆ ಸುರಿಯಬೇಕಾಗಿಲ್ಲ; ಒಂದು ಬೀದಿ, ಒಂದು ಜಗಳ ಸಾಕು, ಉಳಿದದ್ದು ಬೆನ್ನ ಹಿಂದಿರಲಿ. ಅದುವರೆಗಿನ ನನ್ನ ವಿದ್ಯೆ ಇಷ್ಟು. ಇಷ್ಟಕ್ಕೇ ನಾನು ಹಿಗ್ಗಿದೆನು.

ಆ ಐವರಲ್ಲೊಬ್ಬನು ಸೊಮಾಲಿಯಾದಿಂದ ಬಂದ ಮನೆತನದ ಹುಡುಗ. ಮಿನಸೋಟದಲ್ಲಿ ಸೊಮಾಲಿ ಜನರು ಬಹಳ. ಅಮೆರಿಕದಲ್ಲಿ ಮತ್ತೆಲ್ಲಿಯೂ ಅಷ್ಟು ಮಂದಿಯಿಲ್ಲ. ಅವನು ಮಿತಭಾಷಿ. ಸೈರ್ ದೇಶದಿಂದ ತಪ್ಪಿಸಿಕೊಂಡು ಬಂದ ಬಿಲ್ಲುಗಾರನ ಪಾತ್ರವನ್ನು ಅವನು ವಹಿಸಿದ್ದನು. ಮೂರನೆಯ ಶನಿವಾರ ರೈಲಿನಲ್ಲಿ ಯಾವನೋ ಒಬ್ಬನು ನಿನ್ನ ಊರಾವುದೆಂದು ಆ ಪಾತ್ರವನ್ನು ಕೇಳಿದನು. ಹುಡುಗನು ತಡವರಿಸದೆ ಒಂದು ಹೆಸರನ್ನು ಹೇಳಿದನು. ಹೊಳೆಯ ದಂಡೆಯಲ್ಲಿದೆ, ಅಜ್ಜಿಯ ಮನೆ ಅಲ್ಲಿದೆ, ಒಂದಲ್ಲ ಒಂದು ದಿನ ಮಂಜನ್ನು ಹೊಕ್ಕು ನೋಡಿ ಬರಬೇಕು ಎಂದನು. ಅವನು ಅಷ್ಟು ಮಾತನಾಡಿದ್ದು ಅದೇ ಮೊದಲು.

ನಾನು ಕನ್ನಡಕವನ್ನು ಸರಿಪಡಿಸಿಕೊಂಡು ನಕ್ಷೆಯನ್ನು ನೋಡಿದೆನು. ನನ್ನ ನೋಟುಪುಸ್ತಕದ ಪಟ್ಟಿಯನ್ನೂ ನೋಡಿದೆನು. "ಆ ಹೆಸರಿನ ಊರು ಇದರಲ್ಲಿಲ್ಲ. ಸೈರಿನ ಊರುಗಳು ಇಂತಿಂತಹವು, ಇವುಗಳಲ್ಲೊಂದನ್ನು ಆರಿಸಿಕೊ" ಎಂದೆನು. ಕೋಪದಿಂದಲ್ಲ, ಕಾಗುಣಿತವನ್ನು ತಿದ್ದುವ ಸಹಜವಾದ ದನಿಯಿಂದ. ಅವನು "ಸರಿ" ಎಂದು, ನೋಡದೆಯೇ ಬೆರಳನ್ನು ಯಾವುದೋ ಒಂದು ಚುಕ್ಕೆಯ ಮೇಲಿಟ್ಟನು. ಆ ದಿನ ಮತ್ತೆ ಮಾತನಾಡಲಿಲ್ಲ; ದಾಳ ಹಾಕೆಂದಾಗ ಹಾಕಿದನು. ಮುಂದಿನ ಶನಿವಾರ ಬರಲೇ ಇಲ್ಲ.

ಮೊಮ್ಮಗನನ್ನು ಕೇಳಿದೆನು. ಅವನು ಮೊದಲು ಹೇಳಲೊಲ್ಲದೆ, ಬಳಿಕ ಹೇಳಿದನು. ಆ ಹೆಸರು ಹುಡುಗನ ಅಜ್ಜಿಯ ನಿಜವಾದ ಊರಿನದು. ಜುಬ್ಬಾ ನದಿಯ ದಂಡೆಯ ಹಳ್ಳಿ. 1991ರಲ್ಲಿ ಅಲ್ಲಿಯ ಸರಕಾರವು ಕುಸಿದು ಕಲಹ ಹಬ್ಬಿದಾಗ ಅವರು ಊರು ಬಿಟ್ಟು, ಕೀನ್ಯಾ ದೇಶದ ಶಿಬಿರದಲ್ಲಿ ಬಹುಕಾಲವಿದ್ದು, ತರುವಾಯ ಇಲ್ಲಿಗೆ ಬಂದವರು. ಹುಡುಗನು ಅದನ್ನು ಕಂಡವನಲ್ಲ. ಟೆಲಿಫೋನಿನ ನಕ್ಷೆಯಲ್ಲಿ ಎಷ್ಟೋ ಬಾರಿ ಹುಡುಕಿದ್ದನಂತೆ, ಅದರಲ್ಲಿಯೂ ಇರಲಿಲ್ಲವಂತೆ.

ಇಲ್ಲಿ ನನ್ನ ವಿಷಯವನ್ನು ಒಂದಿಷ್ಟು ಹೇಳಬೇಕಾಗಿದೆ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯ ನೀರು ನಿಂತಾಗ ನನಗೆ ಎಂಟು ವರ್ಷ. ನಾವು ತೋಟವನ್ನೂ ಮನೆಯನ್ನೂ ಬಿಟ್ಟು, ಬಾಗಿಲುವಾಡವನ್ನು ಕಳಚಿ ಗಾಡಿಗೆ ಹೇರಿಕೊಂಡು ಹೊರಟೆವು. ನನ್ನ ಜನ್ಮಸ್ಥಳವೆಂದು ಹಳೆಯ ಕಾಗದಗಳಲ್ಲಿ ಬರೆದಿರುವ ಊರು ನೀರಿನ ಕೆಳಗಿದೆ. ಬಹಳ ವರ್ಷಗಳ ಹಿಂದೆ ಒಂದು ಕಚೇರಿಯಲ್ಲಿ, ಯಾವುದೆಂಬುದು ಬೇಡ, ಗುಮಾಸ್ತನೊಬ್ಬನು ನನ್ನ ಅರ್ಜಿಯನ್ನು ಪಟ್ಟಿಯೊಡನೆ ತಾಳೆನೋಡಿ, "ಈ ಹೆಸರಿನ ಗ್ರಾಮ ಇದರಲ್ಲಿಲ್ಲ" ಎಂದು ಹಿಂದಕ್ಕೆ ಕೊಟ್ಟಿದ್ದನು. ಅವನದೂ ಕೋಪದ ದನಿಯಲ್ಲ. ಆ ದಿನ ನಾನು ಬಸ್ಸಿಗೆ ಕಾಯದೆ ಆರು ಮೈಲಿ ನಡೆದು ಮನೆಗೆ ಬಂದಿದ್ದೆನು.

ಆ ರಾತ್ರಿ ನಿದ್ರೆ ಬರಲಿಲ್ಲ. ಮುಳುಗಿದ ಆ ಊರಿನ ದೇವಾಲಯದ ಮುಂದೆ ಚಿಕ್ಕಂದಿನಲ್ಲಿ ಕೇಳಿದ ತಾಳಮದ್ದಳೆಯು ನೆನಪಾಗುತ್ತಿದ್ದಿತು. ಪ್ರಸಂಗದ ಪುಸ್ತಕವು ಭಾಗವತರ ಮುಂದಿರುವುದು. ಅವರು ಪದ್ಯವನ್ನು ಹಾಡಿ ನಿಲ್ಲಿಸುವರು. ಅರ್ಥಧಾರಿಯು ಅಲ್ಲಿಂದ ಹೊರಟು, ಪುಸ್ತಕದಲ್ಲಿಲ್ಲದ ನೂರು ಮಾತುಗಳನ್ನಾಡಿ, ವಾಲಿಯ ಬಾಲ್ಯವನ್ನೋ ಕರ್ಣನು ರಾಧೆಯ ಮನೆಯಲ್ಲಿ ಉಂಡ ಗಂಜಿಯನ್ನೋ ತಂದು, ಮತ್ತೆ ಕಥೆಯ ದಾರಿಗೆ ಸೇರುವನು. ಇದು ಪುಸ್ತಕದಲ್ಲಿಲ್ಲವೆಂದು ಅವನ ಮಾತನ್ನು ತಡೆದ ಭಾಗವತರನ್ನು ನಾನು ಈವರೆಗೆ ಕಂಡಿಲ್ಲ. ತಡೆದಿದ್ದರೆ ಆ ರಾತ್ರಿಯ ಕೂಟವು ಅಲ್ಲಿಗೇ ಮುಗಿಯುತ್ತಿತ್ತು. ಪರರು ಕಟ್ಟಿದ ಲೋಕದಲ್ಲಿ ಆಡುವವರು ತಮ್ಮದೆಂಬುದನ್ನು ನೆಡಲು ತೆರವಿರುವುದರಿಂದಲೇ ಆ ಲೋಕವು ಕೊಂಡ ಬೆಲೆಗೆ ತಕ್ಕುದಾಗುವುದು. ಎಬೆರಾನನ್ನು ಕಟ್ಟಿದವರು ಇಡಿಯ ದೇಶವೊಂದನ್ನೇ ಮಂಜು ಮುಸುಕಿ ತೆರವು ಬಿಟ್ಟಿದ್ದರು. ನಾನು ಆ ಮಂಜಿನ ಮುಂದೆ ಪಟ್ಟಿ ಹಿಡಿದ ಗುಮಾಸ್ತನಾಗಿ ಕುಳಿತಿದ್ದೆನು.

ಮರುದಿನ ಮಗನ ಕಾರಿನಲ್ಲಿ ಆ ಹುಡುಗನ ಮನೆಗೆ ಹೋದೆನು. ನಕ್ಷೆಯನ್ನು ಸುರುಳಿ ಸುತ್ತಿ ಒಯ್ದಿದ್ದೆನು. ಅಜ್ಜಿಯು ಏಲಕ್ಕಿ ಹಾಕಿದ ಸಿಹಿಯಾದ ಚಹವನ್ನು ಕೊಟ್ಟಳು. ಆಕೆಗೆ ಇಂಗ್ಲಿಷು ನನಗಿಂತಲೂ ಕಡಿಮೆ. ನಾನು ಹುಡುಗನಿಗೆ, "ತಪ್ಪು ನನ್ನದು, ನಿನ್ನ ಊರನ್ನು ನಕ್ಷೆಯಲ್ಲಿ ಬರೆಯುವುದನ್ನು ಮರೆತಿದ್ದರು, ನೀನೇ ಬರೆಯಬೇಕು" ಎಂದು ಪೆನ್ಸಿಲನ್ನು ಮುಂದಿಟ್ಟೆನು. ಉಪಾಧ್ಯಾಯ ವೃತ್ತಿಯುದ್ದಕ್ಕೂ ಶಿಷ್ಯನೊಬ್ಬನ ಬಳಿ ತಪ್ಪೊಪ್ಪಿಕೊಂಡ ನೆನಪು ನನಗಿಲ್ಲ. ಒಪ್ಪಿಕೊಳ್ಳಬೇಕಾದ ಸಂದರ್ಭಗಳು ಇದ್ದುವೆಂಬುದು ಮಾತ್ರ ನೆನಪಿದೆ. ಹುಡುಗನು ಬಹಳ ಹೊತ್ತು ನಕ್ಷೆಯನ್ನು ನೋಡಿದನು. ಅಜ್ಜಿಯು ಏನೆಂದು ಕೇಳಿರಬೇಕು. ಅವನು ತಮ್ಮ ಭಾಷೆಯಲ್ಲಿ ಹೇಳಿದನು. ಆಕೆ ಮೊದಲು ನಕ್ಕಳು. ಆಮೇಲೆ ಪಕ್ಕದಲ್ಲಿ ಕುಳಿತು, ಬೆರಳಿನಿಂದ ಹೊಳೆಯ ತಿರುವನ್ನು ತೋರಿಸತೊಡಗಿದಳು. ಅವಳು ಹೇಳಿದಂತೆಲ್ಲ ಅವನು ಬರೆದನು: ಹೊಳೆ, ದಾಟುವ ಜಾಗ, ಮಾವಿನ ಮರಗಳು, ಮೂರು ಕಲ್ಲಿನ ಬಾವಿ. ಚಹ ಆರಿಹೋಯಿತು.

ಮತ್ತೆರಡು ಶನಿವಾರಗಳಾದ ಮೇಲೆ ಮಂಡಲಿಯು ಮಂಜನ್ನು ಹೊಕ್ಕಿತು. ಆ ಪ್ರವೇಶಕ್ಕೆಂದು ನಾನು ಮೂರು ಪುಟದಷ್ಟು ಭಯಾನಕವನ್ನು ಬರೆದಿಟ್ಟುಕೊಂಡಿದ್ದೆನು. ಕೊಳೆಯದ ಹೆಣಗಳು, ನಿಂತಲ್ಲಿಯೇ ನಿಂತ ಗಾಡಿಗಳು. ದಾರಿಯಲ್ಲಿ ಅವುಗಳಲ್ಲಿ ಕೆಲವನ್ನು ಹೇಳಿಯೂ ಹೇಳಿದೆನು. ದಾಳಗಳುರುಳಿದುವು, ಒಬ್ಬನಿಗೆ ಗಾಯವೂ ಆಯಿತು. ಕೊನೆಗೆ ಹೊಳೆ, ಮರಗಳು, ಬಾವಿ. ಅಜ್ಜಿಯ ಮನೆಯ ಬಾಗಿಲು. ಬಾಗಿಲ ಹಿಂದೆ ಏನಿದೆಯೆಂದು ನನ್ನ ಪುಟದಲ್ಲಿ ಬರೆದಿತ್ತು. ಅದನ್ನು ಓದಲು ಬಾಯಿ ಬರಲಿಲ್ಲ. ನಾನು ಆ ಹುಡುಗನನ್ನೇ ಕೇಳಿದೆನು: "ಬಾಗಿಲನ್ನು ತೆರೆದಿದ್ದೀಯೆ. ಒಳಗೆ ಏನು ಕಾಣುತ್ತದೆ?"

ಅವನು ಕಣ್ಣು ಮುಚ್ಚಿದನು. "ಯಾರೂ ಇಲ್ಲ" ಎಂದನು. ಸ್ವಲ್ಪ ತಡೆದು, "ಒಲೆ ತಣ್ಣಗಿದೆ. ಚಾಪೆಯಿಲ್ಲ. ನೀರಿನ ಕೊಡವೂ ಇಲ್ಲ" ಎಂದನು. ಇನ್ನೂ ತಡೆದು, "ಎಂದರೆ ಹೊತ್ತುಕೊಂಡು ಹೋಗಿದ್ದಾರೆ" ಎಂದನು.

ಯಾರೂ ದಾಳವನ್ನು ಮುಟ್ಟಲಿಲ್ಲ. ಕಾದಂಬರಿಗಳನ್ನು ಓದಿದ್ದ ಆ ಇನ್ನೊಬ್ಬ ಹುಡುಗನೇ ಕೊನೆಗೆ ಮೆಲ್ಲನೆ, "ಹೆಜ್ಜೆಗಳು ಯಾವ ಕಡೆಗೆ ಹೋಗಿವೆ?" ಎಂದು ಕೇಳಿದನು. ಬಿಲ್ಲುಗಾರನು ಪೂರ್ವಕ್ಕೆ ಎಂದನು. ನಾನು ಊರಿಗೆ ಹೊರಡುವ ತನಕ ಉಳಿದಿದ್ದ ಶನಿವಾರಗಳೆಲ್ಲ ಆ ಹೆಜ್ಜೆಗಳ ಹಿಂದೆಯೇ ಕಳೆದುವು. ಆ ಅವಧಿಯಲ್ಲಿ ನಾನು ಆಟದ ಹೊತ್ತಿನಲ್ಲಿ ಪುಸ್ತಕವನ್ನು ತೆರೆಯಲಿಲ್ಲ. ಶನಿವಾರಕ್ಕೆ ಮುಂಚೆ ತಪ್ಪದೆ ಓದುತ್ತಿದ್ದೆನು. ಓದದೆ ಕುಳಿತವನ ಬಾಯಲ್ಲಿ ಎಲ್ಲ ಊರೂ ಒಂದೇ ಊರಾಗುವುದೆಂಬುದನ್ನು ಒಂದು ವಾರದ ಸೋಮಾರಿತನದಿಂದ ಕಲಿತಿದ್ದೆನು. ಆದರೆ ಮೇಜಿಗೆ ಕುಳಿತ ಮೇಲೆ ಅದು ಕಪಾಟಿನಲ್ಲಿರುತ್ತಿತ್ತು. ಹುಡುಗರು ಬಾಯಲ್ಲಿ ಹೊಸದಾಗಿ ಹೇಳಿದ ಊರು, ಸೇತುವೆ, ಸಂತೆಗಳನ್ನು ನಕ್ಷೆಯ ಮೇಲೆ ಅವರ ಕೈಯಿಂದಲೇ ಬರೆಸುತ್ತಿದ್ದೆನು. ಏಪ್ರಿಲಿನ ಹೊತ್ತಿಗೆ ಅಚ್ಚಿನ ಅಕ್ಷರಗಳಿಗಿಂತ ಪೆನ್ಸಿಲಿನವೇ ಹೆಚ್ಚಾಗಿದ್ದುವು. ಪೆಟ್ಟಿಗೆಯ ಒಡೆಯನು ರಜೆಗೆ ಬಂದು ನೋಡಿ ಏನೆಂದುಕೊಳ್ಳುವನೋ ಎಂದು ನನಗೆ ಅಳುಕಿತ್ತು. ಅವನು ಏನೂ ಅನ್ನಲಿಲ್ಲವಂತೆ. ತಾನೂ ಒಂದು ದ್ವೀಪವನ್ನು ಬರೆದು ಹೋದನಂತೆ.

ನಾನು ಬಂದ ಬಳಿಕ ಮೊಮ್ಮಗನು ಸೂತ್ರಧಾರನಾಗಿದ್ದಾನೆ. ವಾರಕ್ಕೊಮ್ಮೆ ಟೆಲಿಫೋನು ಮಾಡುವಾಗ ಸಂಶಯಗಳನ್ನು ಕೇಳುವುದುಂಟು. ಕಳೆದ ತಿಂಗಳು, ಅವರ ಮಂಡಲಿಯು ಸುತ್ತಿ ಸುತ್ತಿ ಮತ್ತೆ ಆ ಹೊಳೆಯ ಊರಿಗೇ ಬಂದಿದೆಯೆಂದೂ, ನಕ್ಷೆಯಲ್ಲಿ ಪೆನ್ಸಿಲಿನ ಗುರುತು ಮಾಸಿಹೋಗಿದೆಯೆಂದೂ ಹೇಳಿ, "ತಾತ, ಆ ಬಾವಿಗೆ ಕಲ್ಲು ಮೂರೋ ನಾಲ್ಕೋ?" ಎಂದನು. ನನಗೆ ಚೆನ್ನಾಗಿ ನೆನಪಿತ್ತು.

"ನನ್ನನ್ನೇಕೆ ಕೇಳುವೆ?" ಎಂದೆನು. "ಅವನ ಅಜ್ಜಿಯನ್ನು ಕೇಳು."